ಕಣಜದ ಗೂಡಿನ ವಾಡ್ ಪುಡಿಯಾಗುತ್ತಿದೆ, ನಳಿಗೆಯಲ್ಲಿ ನಿಲ್ಲುತ್ತಿಲ್ಲ: ಕೇಪಿನ ಕೋವಿ ಇರುವವರು ಹೇಳಿ

ಬೆಟ್ಟಸೊಪ್ಪು (ಶಿರಸಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ತಾಲೂಕಿನ ಒಳಹಳ್ಳಿ. ಅಡಿಕೆ, ನಡುವೆ ಬಾಳೆ, ಸ್ವಲ್ಪ ಏಲಕ್ಕಿ. ಬೆಳೆ ರಕ್ಷಣೆಯ ಪರವಾನಗಿ ಇರುವ ಕೇಪಿನ ಕೋವಿ ಇದೆ, ಬಾಯಿಯಿಂದ ಮದ್ದು ತುಂಬಿ, ಕೇಪು (ಬಡಿದರೆ ಕಿಡಿ ಕೊಡುವ ಸಣ್ಣ ಟೋಪಿ) ಇಟ್ಟು ಹೊಡೆಯುವಂಥದ್ದು. ಮಂಗ ಬಂದರೆ ಚರೆ (ಸಣ್ಣ ಸೀಸದ ಗುಂಡು) ಹಾಕದೆ ಬರೀ ಮದ್ದಿನ ಈಡು ಹೊಡೆಯುತ್ತೇವೆ. ಸದ್ದಿಗೆ ಹೆದರಿ ಓಡಿದರೆ ಸಾಕು. ಎಳೆ ಅಡಿಕೆ ಚೀಪಿ ಎಸೆಯುವುದನ್ನು ನೋಡುತ್ತಾ ಕೂರಲಿಕ್ಕೆ ಆಗುವುದಿಲ್ಲ.

ಇಷ್ಟು ಕಾಲ ಮದ್ದಿನ ಮೇಲೆ ವಾಡ್ ಆಗಿ, ಅಂದರೆ ಮದ್ದನ್ನು ಬಿಗಿಯಾಗಿ ಮುಚ್ಚುವ ಬಿರಡೆಯಾಗಿ, ತೆಂಗಿನ ಕತ್ತ (ನಾರು) ಗಿಡಿಯುತ್ತಿದ್ದೆವು. ತೊಂದರೆ ಏನೆಂದರೆ ಹೊರಗೆ ಬಿದ್ದ ಮೇಲೂ ಕತ್ತದೊಳಗೆ ಕೆಂಡ ಇರುತ್ತದೆ. ಮಳೆಗಾಲದಲ್ಲಿ ಚಿಂತೆ ಇಲ್ಲ. ಶಿವರಾತ್ರಿ ಕಳೆದ ಮೇಲೆ ಬೆಟ್ಟದಲ್ಲಿ ದರಕು (ಒಣಗಿದ ಎಲೆ) ಕಣಕಾಲು ಮುಳುಗುವಷ್ಟು ಬಿದ್ದಿರುತ್ತದೆ. ಒಂದು ಕಿಡಿ ಸಾಕಲ್ವಾ? ನಮ್ಮ ಬೆಟ್ಟಕ್ಕೆ ಬಿದ್ದ ಬೆಂಕಿ ಪಕ್ಕದವರ ಬೆಟ್ಟಕ್ಕೂ ಹೋಗುತ್ತದೆ.

ಅಮೆರಿಕದವರು ಕಣಜದ ಗೂಡಿನ ಕಾಗದವನ್ನು ವಾಡ್ ಮಾಡಿಕೊಳ್ಳುತ್ತಾರೆ, ಅದು ಕತ್ತದ ಹಾಗೆ ಕೆಂಡ ಹಿಡಿದುಕೊಳ್ಳುವುದಿಲ್ಲ ಎಂದು ಕೇಳಿ, ಕೊಟ್ಟಿಗೆ ಮಾಡಿನ ಕೆಳಗಿದ್ದ ಖಾಲಿ ಗೂಡೊಂದನ್ನು ತೆಗೆದು ನೋಡಿದೆ. ಬೆರಳಲ್ಲಿ ಹಿಚುಕಿದರೆ ಪುಡಿ. ಗಜ (ನಳಿಗೆಯೊಳಗೆ ಇಳಿಸುವ ಕೋಲು) ಹಾಕಿ ಒತ್ತಿದರೂ ಹಿಡಿತ ಇಲ್ಲ. ನಳಿಗೆ ಬಾಯಿ ಸ್ವಲ್ಪ ಕೆಳಗಾದರೆ ಜಾರಿ ಬರುತ್ತದೆ. ಸದ್ದಂತೂ ಢಂ ಎನ್ನುವುದಿಲ್ಲ, ಬುಸ್ ಎನ್ನುತ್ತದೆ. ಮದ್ದು ಜಾಸ್ತಿ ಹಾಕಬೇಕಾ?

ಹಳೆ ನಳಿಗೆ (ಸಿದ್ದಾಪುರ)

ಮದ್ದು ಜಾಸ್ತಿ ಮಾಡಬೇಡಿ ಮಾರಾಯ್ರೇ. ಮೊದಲು ಇದೊಂದನ್ನು ಗಟ್ಟಿಯಾಗಿ ಹೇಳಿಬಿಡುತ್ತೇನೆ.

ಕರಿ ಮದ್ದು ಬಯಲಲ್ಲಿ ಉರಿದರೆ ಹೊಗೆ, ಬುಸ್ ಸದ್ದು ಅಷ್ಟೇ. ಮೇಲೆ ಏನಾದರೂ ತಡೆ ಇದ್ದರೆ ಮಾತ್ರ ಒತ್ತಡ ಏರಿ ಸದ್ದು ಬರುತ್ತದೆ. ನಿಮ್ಮ ವಾಡ್ ತಡೆಯುತ್ತಿಲ್ಲ. ಕೊರತೆ ಇರುವುದು ವಾಡ್‌ನಲ್ಲಿ, ಮದ್ದಿನಲ್ಲಲ್ಲ. ಇವತ್ತು ಮದ್ದು ಏರಿಸಿ, ನಾಳೆ ಒಳ್ಳೆ ವಾಡ್ ಸಿಕ್ಕಿ ಅದೇ ಅಳತೆ ಹಾಕಿದರೆ ಹಳೆ ನಳಿಗೆಯ ಗತಿ ಏನು?

ಜಾರಿ ಬರುತ್ತದೆ ಎಂದಿರಲ್ಲ, ಅದು ಇನ್ನೂ ಕೆಟ್ಟದ್ದು. ವಾಡ್ ಮದ್ದಿಗೆ ತಾಗಿಕೊಂಡೇ ಕೂತಿರಬೇಕು. ಮದ್ದು ಒಂದು ಕಡೆ, ವಾಡ್ ಒಂದು ಕಡೆ, ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಅಲ್ಲೇ ಉಬ್ಬಬಹುದು, ಸೀಳಲೂಬಹುದು. ಗಜದ ಮೇಲೆ ಎರಡು ಗೆರೆ ಕೊರೆದುಕೊಳ್ಳಿ: ನಳಿಗೆ ಖಾಲಿ ಇದ್ದಾಗ ಎಲ್ಲಿಗೆ ಬರುತ್ತದೆ, ಸರಿಯಾಗಿ ತುಂಬಿದಾಗ ಎಲ್ಲಿಗೆ ಬರುತ್ತದೆ ಎಂದು. ತುಂಬಿದ ಕೋವಿ ಹಿಡಿದು ತೋಟ ಸುತ್ತಿದ ಮೇಲೆ ಹೊಡೆಯುವ ಮುಂಚೆ ಮತ್ತೆ ಗಜ ಇಳಿಸಿ ನೋಡಬೇಕು. ಹಾಗೆ ನೋಡುವಾಗ ನಿಪ್ಪಲ್ (ಕೇಪು ಕೂರಿಸುವ ತುದಿ) ಮೇಲೆ ಕೇಪು ಇರಬಾರದು, ಬಾಯಿ ಆಕಾಶದ ಕಡೆ ಇರಬೇಕು, ನಿಮ್ಮ ಮುಖ ಅದರ ನೇರಕ್ಕೆ ಬರಬಾರದು.

ಗೂಡು ನೋಡುವವ (ಯಲ್ಲಾಪುರ)

ಸಿದ್ದಾಪುರದ ಅಣ್ಣ ಹೇಳಿದ್ದು ಪೂರ್ತಿ ಸರಿ. ಗೂಡಿನ ವಿಷಯ ನಾನು ಹೇಳುತ್ತೇನೆ. ಅದಕ್ಕೂ ಮುಂಚೆ, ನೀವು ತೆಗೆದ ಗೂಡು ಹೇಗಿತ್ತು? ಹೊರಗಿನಿಂದಲೇ ಕೋಣೆಗಳು ಕಾಣುತ್ತಿದ್ದವಾ, ಅಥವಾ ಸುತ್ತಲೂ ಪದರ ಪದರವಾಗಿ ಕಾಗದದ ಹೊದಿಕೆ ಇತ್ತಾ?

ಬೆಟ್ಟಸೊಪ್ಪು (ಶಿರಸಿ)

ಹೊದಿಕೆ ಇರಲಿಲ್ಲ. ತಾವರೆ ಕಾಯಿಯ ಹಾಗೆ ಕೋಣೆಗಳೆಲ್ಲ ಕಾಣುತ್ತಿದ್ದವು. ಸಣ್ಣ ತೊಟ್ಟಿನಲ್ಲಿ ನೇತಾಡುತ್ತಿತ್ತು. ಕೆಲವು ಕೋಣೆಗಳ ಬಾಯಿಗೆ ಬಿಳಿ ಪೊರೆ ಇತ್ತು.

ಗೂಡು ನೋಡುವವ (ಯಲ್ಲಾಪುರ)

ಹಾಗಾದರೆ ನಿಮ್ಮ ಸಮಸ್ಯೆಯ ಮುಕ್ಕಾಲು ಪಾಲು ಅಲ್ಲೇ ಇದೆ. ವಾಡ್‌ಗೆ ಬೇಕಾದದ್ದು ಹೊರ ಹೊದಿಕೆಯ ಕಾಗದ. ನಿಮ್ಮ ಕೊಟ್ಟಿಗೆಯ ಗೂಡಿಗೆ ಹೊದಿಕೆಯೇ ಇರುವುದಿಲ್ಲ.

ಮಾಡಿನ ಕೆಳಗೆ, ಕಿಟಕಿ ಮೂಲೆಯಲ್ಲಿ ಕಾಣುವ ಇಂಥ ಬಯಲು ಗೂಡು ಹೆಚ್ಚಾಗಿ ರೋಪಾಲಿಡಿಯಾ ಕುಲದ ಸಣ್ಣ ಕಣಜದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಅವರು ದಶಕಗಟ್ಟಲೆ ಅಭ್ಯಾಸ ಮಾಡಿದ್ದು ಇದೇ ಕುಲದ ರೋಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜವನ್ನು. ಇವುಗಳ ಕೋಣೆಯ ಗೋಡೆ ತೀರಾ ತೆಳು. ಒಳಗೆ ಮರಿಗಳು ಬಿಟ್ಟ ಹಿಕ್ಕೆ ಒಣಗಿ ಕರಿ ಬಿಲ್ಲೆಯಾಗಿ ಕೂತಿರುತ್ತದೆ. ನೀವು ನೋಡಿದ ಬಿಳಿ ಪೊರೆ ಮರಿ ನೂತ ರೇಷ್ಮೆ. ಅದನ್ನೆಲ್ಲ ಸೇರಿಸಿ ಹಿಚುಕಿದರೆ ಪುಡಿಯಾಗದೆ ಇನ್ನೇನಾಗುತ್ತದೆ?

ಅಮೆರಿಕದವರು ತೆಗೆಯುವುದು ಮರದ ಕೊಂಬೆಯಲ್ಲಿ ದೊಡ್ಡದಾಗಿ ನೇತಾಡುವ ಗೂಡನ್ನು. ಕೋಣೆಗಳ ತಟ್ಟೆಗಳೆಲ್ಲ ಒಳಗೆ, ಸುತ್ತಲೂ ಹಲವು ಪದರ ಬೂದು ಕಾಗದ. ಆ ಪದರವನ್ನು ಹಾಳೆ ಹಾಳೆಯಾಗಿ ಬಿಡಿಸಬಹುದು. ನಮ್ಮಲ್ಲೂ ವೆಸ್ಪಾ ಗುಂಪಿನ ದೊಡ್ಡ ಕಡಜಗಳು ಇಂಥ ಹೊದಿಕೆಯ ಗೂಡು ಕಟ್ಟುತ್ತವೆ. ಹೊಟ್ಟೆಯ ಮೇಲೆ ಒಂದೇ ಅಗಲವಾದ ಹಳದಿ ಪಟ್ಟೆ ಇರುವ ಕಡಜವನ್ನು ನೀವೆಲ್ಲ ನೋಡಿರುತ್ತೀರಿ. ಅದು ವೆಸ್ಪಾ ಟ್ರಾಪಿಕಾ. ಸಣ್ಣ ಕಣಜದ ಗೂಡಿಗೆ ನುಗ್ಗಿ ಮರಿಗಳನ್ನು ತಿಂದು ಹೋಗುವುದೂ ಇದೇ. ನಿಮ್ಮ ಕೊಟ್ಟಿಗೆಯ ಗೂಡು ಖಾಲಿಯಾಗಿದ್ದು ಹಾಗೇ ಇರಬಹುದು.

ಈಗ ಮುಖ್ಯ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಅಮೆರಿಕದವರು ಹೇಳುವ ನಿಯಮ ಏನೆಂದರೆ, ಮೊದಲ ಗಟ್ಟಿ ಹಿಮ ಬಿದ್ದ ಮೇಲೆ ಗೂಡು ತೆಗೆಯಿರಿ ಎಂದು. ಅವರ ಊರಿಗೆ ಅದು ಸರಿ. ಚಳಿಗೆ ಕೆಲಸದ ಕಣಜಗಳೆಲ್ಲ ಸಾಯುತ್ತವೆ, ಹೊಸ ರಾಣಿಗಳು ಬೇರೆ ಎಲ್ಲೋ ಅಡಗಿ ಚಳಿಗಾಲ ಕಳೆಯುತ್ತವೆ, ಮರು ವರ್ಷ ಹಳೆ ಗೂಡಿಗೆ ಬರುವುದಿಲ್ಲ. ನಮ್ಮ ಘಟ್ಟದಲ್ಲಿ, ಕರಾವಳಿಯಲ್ಲಿ ಹಿಮ ಎಲ್ಲಿದೆ? ಗೂಡು ಖಾಲಿ ಮಾಡಿಸುವ ಚಳಿಯೇ ಇಲ್ಲ. ಮಾರ್ಜಿನೇಟಾ ಗೂಡಂತೂ ವರ್ಷದ ಯಾವ ತಿಂಗಳಲ್ಲೂ ತುಂಬಿರಬಹುದು. ಹಾಗಾಗಿ ಡಿಸೆಂಬರ್ ಬಂತು, ಗೂಡು ಖಾಲಿ ಎಂದು ಕೈ ಹಾಕಬೇಡಿ. ತಿಂಗಳು ನೋಡಿ ತೀರ್ಮಾನ ಮಾಡುವುದು ಇಲ್ಲಿ ನಡೆಯುವುದಿಲ್ಲ. ಗೂಡನ್ನೇ ನೋಡಬೇಕು.

ಹೇಗೆ ನೋಡುವುದು? ಬಿಸಿಲಿರುವ ಹೊತ್ತಿನಲ್ಲಿ, ದೂರ ನಿಂತು. ಬೈನಾಕ್ಯುಲರ್ ಇದ್ದರೆ ಒಳ್ಳೆಯದು. ಗೂಡಿನ ತೂತಿಗೆ ಹೋಗುವ ಬರುವ ಹುಳು ಇದೆಯಾ ಎಂದು ಸುಮ್ನೆ ನಿಂತು ನೋಡಿ. ಮಳೆ ಬರುವಾಗ, ಮುಸ್ಸಂಜೆಯಲ್ಲಿ ನೋಡಿದರೆ ಲೆಕ್ಕಕ್ಕಿಲ್ಲ, ಆಗ ಎಲ್ಲವೂ ಒಳಗೇ ಇರುತ್ತವೆ. ಒಂದೇ ದಿನ ನೋಡಿ ನಂಬಬೇಡಿ. ತೂತಿಗೆ ಜೇಡ ಬಲೆ ಕಟ್ಟಿ, ಆ ಬಲೆ ಹಾಗೇ ಉಳಿದಿದ್ದರೆ ಒಳ್ಳೆ ಗುರುತು. ಹೊದಿಕೆ ಹರಿದು ಬಹಳ ದಿನವಾದರೂ ಯಾರೂ ದುರಸ್ತಿ ಮಾಡಿಲ್ಲ ಎಂದರೂ ಹಾಗೇ. ಇರುವೆ ಸಾಲು ಗೂಡಿನೊಳಗೆ ಆರಾಮಾಗಿ ಓಡಾಡುತ್ತಿದ್ದರೆ ಕಾಯುವವರು ಯಾರೂ ಇಲ್ಲ ಎಂದೇ ಅರ್ಥ.

ಒಂದೇ ಒಂದು ಕಡಜ ಕಂಡರೂ ಬಿಟ್ಟು ಬನ್ನಿ. ಹೊಗೆ ಹಾಕಿ, ವಿಷ ಹೊಡೆದು ಗೂಡು ಖಾಲಿ ಮಾಡಿಸುವುದು ಬೇಡವೇ ಬೇಡ. ಕಣಜಗಳು ತೋಟದ ಕಂಬಳಿಹುಳ ಹಿಡಿದು ಮರಿಗೆ ಉಣಿಸುವ ಜೀವಗಳು. ವಾಡ್‌ಗಾಗಿ ಅವನ್ನು ಕೊಲ್ಲುವುದು ನ್ಯಾಯವಲ್ಲ. ಜೇನಿನ ಹಾಗೆ ಅದರ ಮುಳ್ಳು ಚರ್ಮದಲ್ಲಿ ಉಳಿಯುವುದಿಲ್ಲ, ಒಂದೇ ಹುಳು ಮತ್ತೆ ಮತ್ತೆ ಚುಚ್ಚುತ್ತದೆ. ಬಹಳ ಹುಳು ಚುಚ್ಚಿದರೆ ಕಿಡ್ನಿಗೂ ಏಟು ಬೀಳಬಹುದು. ಚುಚ್ಚಿಸಿಕೊಂಡವರಿಗೆ ಉಸಿರು ಕಟ್ಟಿದರೆ, ಮುಖ ಊದಿದರೆ, ತಲೆ ತಿರುಗಿದರೆ ಮನೆ ಮದ್ದು ಹುಡುಕದೆ ನೇರ ಆಸ್ಪತ್ರೆಗೆ ಹೋಗಿ.

ಕಾಳಿ ತೀರ (ಕಾರವಾರ)

ಚೆನ್ನಾಗಿ ಹೇಳಿದಿರಿ. ಆ ಕಾಗದದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಕಣಜ ಒಣಮರವನ್ನು ಕೆರೆದು, ಎಂಜಲಲ್ಲಿ ಕಲಸಿ, ತೆಳ್ಳಗೆ ಬಳಿಯುತ್ತದೆ. ಫ್ರಾನ್ಸಿನ ರಿಯೋಮೂರ್ ಎಂಬ ವಿಜ್ಞಾನಿ ಇದನ್ನು ನೋಡಿಯೇ 1719ರಲ್ಲಿ ಮರದಿಂದಲೂ ಕಾಗದ ಮಾಡಬಹುದಲ್ಲ ಎಂದು ಸೂಚಿಸಿದ್ದು. ಆಗ ಅಲ್ಲಿ ಕಾಗದ ಮಾಡುತ್ತಿದ್ದುದು ಹಳೆ ಬಟ್ಟೆಯ ಚಿಂದಿಯಿಂದ. ಒಂದು ಪದರ ಬಿಸಿಲಿಗೆ ಹಿಡಿದು ನೋಡಿ. ಬೂದು, ಕಂದು, ಬಿಳಿ ಅಂತ ಬಿಲ್ಲಿನ ಹಾಗೆ ಬಾಗಿದ ಪಟ್ಟಿಗಳು ಕಾಣುತ್ತವೆ. ಒಂದೊಂದು ಪಟ್ಟಿ ಹುಳು ಒಮ್ಮೆ ತಂದು ಬಳಿದದ್ದು. ಬೇರೆ ಬೇರೆ ಮರ ಕೆರೆದರೆ ಬೇರೆ ಬೇರೆ ಬಣ್ಣ.

ಮರವೇ ಆದ್ದರಿಂದ ತೇವ ಎಳೆಯುತ್ತದೆ. ಕಾರವಾರದ ಗಾಳಿಗೆ ಇಲ್ಲಿ ಉಪ್ಪೇ ನೀರಾಗುತ್ತದೆ, ಗೂಡಿನ ಕಾಗದ ಎಷ್ಟರದ್ದು? ಮಳೆಯಲ್ಲಿ ನೆಂದು ಒಣಗಿದ ಗೂಡು ಮೇಲೆ ಚೆನ್ನಾಗಿ ಕಂಡರೂ ಒಳಗೆ ಬೂಷ್ಟು ಹಿಡಿದು ಸತ್ವ ಕಳೆದುಕೊಂಡಿರುತ್ತದೆ. ಮಡಚಿ ನೋಡಿ. ಒಳ್ಳೆ ಕಾಗದ ಮಡಿಕೆ ಬೀಳುತ್ತದೆ, ಹಾಳಾದದ್ದು ಮಡಚಿದಲ್ಲೇ ತುಂಡಾಗುತ್ತದೆ.

ಗೂಡು ತಂದ ಮೇಲೆ ಹೊದಿಕೆ ಮಾತ್ರ ಬಿಡಿಸಿ, ಒಳಗಿನ ತಟ್ಟೆ ಬೇರೆ ಮಾಡಿ ಬಿಸಾಡಿ. ಅದರಲ್ಲಿ ಸತ್ತ ಮರಿ, ಸಣ್ಣ ಹುಳ ಎಲ್ಲ ಇರುತ್ತದೆ. ಹೊದಿಕೆಯನ್ನು ಮೊರದಲ್ಲಿ ಹರಡಿ ನೆರಳಲ್ಲಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಒಲೆ ಮೇಲಿನ ಅಟ್ಟದಲ್ಲಿ ಇಟ್ಟರೆ ಬೆಚ್ಚಗಿರುತ್ತದೆ. ಆದರೆ ಮದ್ದು, ಕೇಪು ಒಲೆಯ ಹತ್ತಿರವೂ ಸುಳಿಯಬಾರದು.

ಹಳೆ ನಳಿಗೆ (ಸಿದ್ದಾಪುರ)

ಈಗ ಬೆಂಕಿಯ ಮಾತು, ಶಿರಸಿಯವರು ಕೇಳಲು ಬಂದದ್ದೇ ಅದಕ್ಕಲ್ವಾ? ಗೂಡಿನ ಕಾಗದ ಉರಿಯುವುದೇ ಇಲ್ಲ ಎಂದು ಕೆಲವರು ಹೇಳುತ್ತಾರೆ. ನಂಬಬೇಡಿ. ಕಡ್ಡಿ ಗೀರಿ ಹಿಡಿದರೆ ಅದೂ ಉರಿಯುತ್ತದೆ. ನಮಗೆ ಬೇಕಾದದ್ದು ಉರಿ ಆರಿದ ಮೇಲೆ ಕೆಂಡ ಉಳಿಯುತ್ತದಾ ಎನ್ನುವುದು.

ಒಂದು ಹೆಂಚಿನ ಚೂರಿನ ಮೇಲೆ ಪಕ್ಕ ಪಕ್ಕ ಇಡಿ, ಕತ್ತ ಒಂದು ಚಿಟಿಕೆ, ಗೂಡಿನ ಕಾಗದ ಒಂದು ಚಿಟಿಕೆ. ಎರಡಕ್ಕೂ ಬೆಂಕಿ ತಾಗಿಸಿ, ಉರಿ ಊದಿ ಆರಿಸಿ, ನೋಡಿ. ಕತ್ತದಲ್ಲಿ ಕೆಂಪು ಗೆರೆ ಎಳೆ ಹಿಡಿದು ನಿಧಾನ ತೆವಳುತ್ತಾ ಹೋಗುತ್ತದೆ, ಗಾಳಿ ಬಂದರೆ ಮತ್ತೆ ಚುರುಕಾಗುತ್ತದೆ. ನಾನು ನೋಡಿದ ಒಳ್ಳೆ ಹೊದಿಕೆಯ ಕಾಗದದಲ್ಲಿ ಅಂಚು ಕಪ್ಪಾಗಿ, ಕೆಂಪು ಅಲ್ಲೇ ನಂದಿಹೋಯಿತು. ಆದರೆ ಎಲ್ಲ ಗೂಡೂ ಒಂದೇ ಮರದ್ದಲ್ಲ. ಹೊಸ ಗೂಡು ತಂದಾಗಲೆಲ್ಲ ಹೆಂಚಿನ ಮೇಲೆ ನೋಡಿಯೇ ಬಳಸಿ. ಕೆಂಪು ತೆವಳಿದರೆ ಆ ಗೂಡು ಬೇಸಿಗೆಗೆ ಬೇಡ.

ಪರೀಕ್ಷೆಯಲ್ಲಿ ಗೆದ್ದರೂ ದರಕಿನ ಮೇಲೆ ಹೊಡೆಯಬೇಡಿ. ತೋಟದ ಕಾಲುವೆ ಕಡೆಗೋ, ಗುಡಿಸಿದ ಅಂಗಳದ ಕಡೆಗೋ ಬಾಯಿ ಮಾಡಿ. ವಾಡ್ ಬಿದ್ದ ಜಾಗಕ್ಕೆ ಹೋಗಿ ತುಳಿದು, ನೀರು ಹಾಕಿ ಬನ್ನಿ. ಚರೆ ಇಲ್ಲದಿದ್ದರೂ ಹತ್ತಿರದಲ್ಲಿ ವಾಡ್ ಬಡಿದರೆ ಗಾಯವಾಗುತ್ತದೆ, ಹಾಗಾಗಿ ಆಳು, ದನ ಇರುವ ಕಡೆಗಂತೂ ಬೇಡವೇ ಬೇಡ.

ನಳಿಗೆಯೊಳಗೂ ಕೆಂಡ ಉಳಿಯಬಹುದು. ಈಡು ಹೊಡೆದ ತಕ್ಷಣ ಮತ್ತೆ ಮದ್ದು ಸುರಿಯಬೇಡಿ. ಗಜಕ್ಕೆ ಒದ್ದೆ ಬಟ್ಟೆ ಸುತ್ತಿ ಒಮ್ಮೆ, ಒಣ ಬಟ್ಟೆ ಸುತ್ತಿ ಒಮ್ಮೆ ಎಳೆಯಿರಿ. ಮದ್ದನ್ನು ಡಬ್ಬಿಯಿಂದ ನೇರ ನಳಿಗೆಗೆ ಸುರಿಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಒಂದು ಈಡಿನ ಅಳತೆ ಬೇರೆ ತೆಗೆದುಕೊಂಡು ಸುರಿಯಬೇಕು.

ಕುಮಟಾ ತೋಟಿಗ

ಗೂಡು ಸಿಗದವರಿಗೆ ಒಂದು ದಾರಿ. ಒಣ ಅಡಿಕೆ ಹಾಳೆಯನ್ನು ನಳಿಗೆಯ ಅಳತೆಗೆ ಬಿಲ್ಲೆ ಕತ್ತರಿಸಿ ಬಳಸಬಹುದು. ಬಿಗಿಯಾಗಿ ಕೂರುತ್ತದೆ. ಗೂಡಿನ ಕಾಗದ ಕೆಳಗೆ, ಹಾಳೆ ಬಿಲ್ಲೆ ಮೇಲೆ ಇಟ್ಟರೆ ಜಾರುವ ತೊಂದರೆಯೂ ಇಲ್ಲ. ಮದ್ದಿಗೆ ತಾಗುವ ಕಡೆ ಹಸಿ ಎಲೆ, ಒದ್ದೆ ನಾರು ಹಾಕಬೇಡಿ, ಮದ್ದು ಥಂಡಿ ಹಿಡಿಯುತ್ತದೆ. ಹಾಳೆಯನ್ನೂ ಹೆಂಚಿನ ಮೇಲೆ ಪರೀಕ್ಷೆ ಮಾಡಿಯೇ ಬಳಸಿ.

ಬೆಟ್ಟಸೊಪ್ಪು (ಶಿರಸಿ)

ಎಲ್ಲರಿಗೂ ತುಂಬಾ ಉಪಕಾರ. ತೋಟದ ತಲೆಯಲ್ಲಿ ಹಲಸಿನ ಮರದಿಂದ ಬಿದ್ದ ಹೊದಿಕೆಯ ಗೂಡೊಂದು ಸಿಕ್ಕಿತು. ಅರ್ಧ ನೆಂದು ಹಾಳಾಗಿತ್ತು, ಮಡಚಿದರೆ ಮುರಿಯಿತು. ಮೇಲ್ಭಾಗದ ಪದರ ಮಾತ್ರ ಗಟ್ಟಿ ಇತ್ತು. ಹೆಂಚಿನ ಮೇಲೆ ನೋಡಿದೆ, ಕೆಂಪು ತೆವಳಲಿಲ್ಲ. ಪದರಗಳನ್ನು ಪುಡಿ ಮಾಡದೆ ಮಡಚಿ ಗಿಡಿದು, ಮೇಲೆ ಹಾಳೆ ಬಿಲ್ಲೆ ಇಟ್ಟೆ. ಮದ್ದು ಮೊದಲಿನಷ್ಟೇ. ಸದ್ದು ಢಂ ಎಂದಿತು, ಮಂಗ ಆಚೆ ಬೆಟ್ಟ ಹತ್ತಿದವು. ವಾಡ್ ಹುಡುಕಿ ಮುಟ್ಟಿ ನೋಡಿದೆ, ಕಪ್ಪಾಗಿತ್ತು, ಕೆಂಡ ಇರಲಿಲ್ಲ.

ಇನ್ನೊಂದು ಪ್ರಶ್ನೆ. ನಮ್ಮ ಭಾವ ಜೊಯಿಡಾ ಕಡೆ ಇದ್ದಾರೆ. ಅಲ್ಲಿ ಕಾಡಲ್ಲಿ ಖಾಲಿ ಗೂಡು ಬೇಕಾದಷ್ಟಿದೆ, ಕಳಿಸುತ್ತೇನೆ ಎನ್ನುತ್ತಾರೆ. ತರಿಸಬಹುದಾ?

ಕಾಳಿ ತೀರ (ಕಾರವಾರ)

ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗಿಂದಾದರೆ ಬೇಡ. 1972ರ ವನ್ಯಜೀವಿ ಕಾಯಿದೆ ಪ್ರಕಾರ ಅಭಯಾರಣ್ಯದ ಒಳಗಿಂದ ಅನುಮತಿ ಇಲ್ಲದೆ ಏನನ್ನೂ ತೆಗೆಯುವಂತಿಲ್ಲ, ಒಣ ಗೂಡಾದರೂ ಅಷ್ಟೇ. ಭಾವನವರ ಸ್ವಂತ ತೋಟದ್ದು, ಮನೆ ಮಾಡಿನದ್ದು ಆದರೆ ತೊಂದರೆ ಇಲ್ಲ. 1959ರ ಶಸ್ತ್ರ ಕಾಯಿದೆಯಲ್ಲಿ ಬಾಯಿಯಿಂದ ತುಂಬುವ ಕೋವಿಗೆ ಬೆಳೆ ರಕ್ಷಣೆ ಎಂಬ ಕಾರಣ ಹೇಳಿಯೇ ಜಾಗ ಕೊಟ್ಟಿದ್ದಾರೆ. ಒಂದು ಗೂಡಿನ ಆಸೆಗೆ ಆ ಪರವಾನಗಿಗೆ ಸಂಚಕಾರ ತಂದುಕೊಳ್ಳಬೇಡಿ.

ಹಳೆ ನಳಿಗೆ (ಸಿದ್ದಾಪುರ)

ಹೊಡೆದ ದಿನವೇ ನಳಿಗೆ ಬಿಸಿನೀರಲ್ಲಿ ತೊಳೆದಿರಿ ತಾನೇ? ಕರಿ ಮದ್ದಿನ ಮಸಿ ತೇವ ಎಳೆದು ತುಕ್ಕು ಹಿಡಿಸುತ್ತದೆ. ಕೇಪು ತೆಗೆದು, ಕೋವಿ ಖಾಲಿ ಎಂದು ಗಜದ ಗೆರೆಯಲ್ಲಿ ಖಾತ್ರಿ ಮಾಡಿಕೊಂಡು, ತೊಳೆದು, ಒಣಗಿಸಿ, ತೆಳ್ಳಗೆ ಎಣ್ಣೆ ಬಳಿದಿಡಿ. ಚುನಾವಣೆ ಬಂದು ಠಾಣೆಗೆ ಜಮಾ ಕೊಡುವಾಗಲೂ ಹೀಗೇ ಮಾಡಿ ಕೊಡಿ. ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ.