ಕುಡಿತ ಬಿಡಿಸುವ ಚಿಕಿತ್ಸೆ ಎಲ್ಲರಿಗೂ ಒಂದೇ ಥರ ಸಿಗ್ತಾ ಉಂಟಾ? ರಿಸರ್ಚಿಗೆ ಸಲಹೆ ಬೇಕು

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆ, ಬದಿಯಡ್ಕದ ನರ್ಸ್):
ನಾನು ಸೈಕಿಯಾಟ್ರಿಕ್ ನರ್ಸ್, ಡಿ-ಅಡಿಕ್ಷನ್ ವಾರ್ಡಿನಲ್ಲಿ ಕೆಲಸ. ಚಿಕಿತ್ಸೆ ಯಾರಿಗೆ ಸಿಗ್ತದೆ ಯಾರಿಗೆ ಇಲ್ಲ ಅಂತ ಪಿಎಚ್‌ಡಿ ಮಾಡ್ಬೇಕು ಅಂತ ಉಂಟು. ನಮ್ಮಲ್ಲಿ ಫಾರ್ಮೆಲ್ಲ ಮಲಯಾಳದಲ್ಲಿ. ಮೊನ್ನೆ ಅಡಿಕೆ ತೋಟದ ಕೆಲಸದವರೊಬ್ರು ಎಲ್ಲದಕ್ಕೂ ತಲೆ ಆಡಿಸಿ ಸೈನ್ ಹಾಕಿದ್ರು, ಆಮೇಲೆ ನಾನು ತುಳುವಿನಲ್ಲಿ ಕೇಳಿದ್ಮೇಲೆ ಬೆಳಿಗ್ಗೆ ಎದ್ದ ಕೂಡ್ಲೆ ಕೈ ನಡುಗ್ತದೆ, ಅದು ನಿಲ್ಲಿಸ್ಲಿಕ್ಕೇ ಕುಡಿಯುದು ಅಂದ್ರು. ಅಷ್ಟು ಮುಖ್ಯ ವಿಷಯ ಫೈಲಿನಲ್ಲೇ ಇರ್ಲಿಲ್ಲ. ಹೆಂಗಸರಂತೂ ವಾರ್ಡಿಗೆ ಬರುದೇ ಅಪರೂಪ. ಎಲ್ಲಿಂದ ಶುರು ಮಾಡ್ಲಿ?

ಉತ್ತರ 1:
ಅಕ್ಕಾ, ಖಂಡಿತ ಮಾಡಿ. ಕೇಂದ್ರ ಸರ್ಕಾರದ 2019ರ ಸರ್ವೆ ವರದಿ ಮೊದ್ಲು ಓದಿ, ಏಮ್ಸ್‌ನವರು ಮಾಡಿದ್ದು. ಮದ್ಯದ ಅವಲಂಬನೆ ಇರುವ 38 ಜನರಲ್ಲಿ ಒಬ್ರಿಗೆ ಮಾತ್ರ ಏನಾದ್ರೂ ಚಿಕಿತ್ಸೆ ಸಿಕ್ಕಿದೆ ಅಂತ ಅದ್ರಲ್ಲಿ ಉಂಟು. ಹಾಗಾಗಿ ವಾರ್ಡಿಗೆ ಬಂದವರನ್ನು ಮಾತ್ರ ಕೇಳಿದ್ರೆ ಸಾಕಾಗ್ಲಿಕ್ಕಿಲ್ಲ, ಬಾರದವರ ಹತ್ರ ಹೋಗ್ಬೇಕು, ಆಶಾ ಕಾರ್ಯಕರ್ತೆಯರನ್ನು ಜೊತೆಗೆ ಕರ್ಕೊಳ್ಳಿ.

ಉತ್ತರ 2:
ಕುಡಿತದ ಸಮಸ್ಯೆ ಎಷ್ಟು ಉಂಟು ಅಂತ ನೋಡುವ ಡಬ್ಲ್ಯೂಎಚ್‌ಓದ ಆಡಿಟ್ (AUDIT) ಪ್ರಶ್ನಾವಳಿ ಬಳಸ್ಬಹುದು, 10 ಪ್ರಶ್ನೆ ಅಷ್ಟೆ. ಆದ್ರೆ ಕನ್ನಡ, ತುಳುವಿಗೆ ತಂದ ಮೇಲೆ ಬೇರೆಯವರಿಂದ ವಾಪಸ್ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡ್ಲೇಬೇಕು. ಒಂದು ಪೆಗ್ ಅಂದ್ರೆ ಎಷ್ಟು ಅಂತ ಗ್ಲಾಸ್ ತೋರಿಸಿಯೇ ಕೇಳಿ. ಎಥಿಕ್ಸ್ ಕಮಿಟಿ ಒಪ್ಪಿಗೆ ಮೊದ್ಲು.

ಉತ್ತರ 3 (ಮಂಜೇಶ್ವರ):
ನನ್ನ ಅಪ್ಪನಿಗೆ ಅಡ್ಮಿಟ್ ಆಗ್ಲಿಕ್ಕೆ ಬೈಸ್ಟ್ಯಾಂಡರ್ (ಆಸ್ಪತ್ರೆಯಲ್ಲಿ ರೋಗಿ ಜೊತೆ ಇರುವ ಮನೆಯವರು) ಬೇಕು ಅಂದ್ರು, ಅಮ್ಮ ಬೀಡಿ ಕಟ್ಟುದು ಬಿಟ್ಟು ಕೂತ್ರೆ ಮನೆ ನಡೆಯುದು ಹೇಗೆ? ಅಪ್ಪ ಅರ್ಧಕ್ಕೇ ವಾಪಸ್ ಬಂದ್ರು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಭೇದಭಾವ ಇಲ್ಲದೆ ಚಿಕಿತ್ಸೆ ಸಿಗ್ಬೇಕು ಅಂತ ಉಂಟಲ್ವಾ, ದಯವಿಟ್ಟು ಕೂಲಿ ಹೋಗುವ ವಿಷಯವನ್ನೂ ಪ್ರಶ್ನೆಯಲ್ಲಿ ಸೇರಿಸಿ ಸಿಸ್ಟರ್.