ಪಿಸ್ಟನ್ ‘ಸೀಜ್’ ಆಗೋದಕ್ಕೆ ಕನ್ನಡದಲ್ಲಿ ಏನು? ನಾಳೆ ಬೆಳಗ್ಗೆಯೊಳಗೆ ಬೇಕು

ದಾವಣಗೆರೆಯಿಂದ (ಕೇಳಿದವರು)

ಎಲ್ಲರಿಗೂ ನಮಸ್ಕಾರ. ಹಳೇ ಟೂ ಸ್ಟ್ರೋಕ್ ಗಾಡಿ ಇಟ್ಟುಕೊಂಡಿರುವ ನಾವು ಕೆಲವರು ಸೇರಿ ಈ ಭಾನುವಾರ ಇಲ್ಲಿ ಗಾಡಿಗಳನ್ನು ನಿಲ್ಲಿಸಿ ಜನಕ್ಕೆ ತೋರಿಸುತ್ತಿದ್ದೇವೆ. ಮೈಸೂರಿನ ಜಾವಾ, ಯೆಜ್ಡಿ ಜಾಸ್ತಿ. ಜೊತೆಗೆ ರಾಜದೂತ್, ಚೇತಕ್, ಒಂದೆರಡು ಲ್ಯಾಂಬ್ರೆಟ್ಟಾ. ಮನೆಯಲ್ಲಿ ಅಪ್ಪನ ಗಾಡಿ ಧೂಳು ತಿನ್ನುತ್ತಿದೆ, ಮತ್ತೆ ಓಡಿಸಬೇಕು ಅನ್ನುವವರು ಬಹಳ ಜನ ಬರುತ್ತಾರೆ. ಅವರಿಗಾಗಿ ಒಂದು ದೊಡ್ಡ ಬೋರ್ಡ್ ಬರೆಸುತ್ತಿದ್ದೇವೆ.

ಸಿಕ್ಕಿಕೊಂಡಿರುವುದು ‘ಸೀಜ್’ ಎಂಬ ಪದದಲ್ಲಿ, ಅಂದರೆ ಪಿಸ್ಟನ್ ಅಲುಗಾಡದೆ ಎಂಜಿನ್ ತಿರುಗದಂತಾಗುವುದು. ‘ಸೀಜ್ ಆದ ಎಂಜಿನ್‌ಗೆ ಕಿಕ್ ಹೊಡೆಯಬೇಡಿ’ ಅಂತ ಬರೆದುಕೊಟ್ಟೆ. ಪೇಂಟರ್ ಓದಿ, ‘ಪೊಲೀಸರು ಹಿಡಿದಿರೋ ಗಾಡಿನಾ ಸಾರ್?’ ಅಂದ. ಅವನು ಹೇಳಿದ್ದು ಸರಿ. ಪೇಪರಿನಲ್ಲಿ ದಿನಾ ‘ಬೈಕ್ ಸೀಜ್’ ಅಂತ ಬರುವುದು ಜಪ್ತಿ ಮಾಡಿದ್ದಕ್ಕೇ. ಫೋನಿನ ಅನುವಾದ ‘ವಶಪಡಿಸಿಕೊಂಡ ಎಂಜಿನ್’ ಅಂತ ಕೊಟ್ಟಿತು. ಬೆಳಗ್ಗೆ ಎಂಟಕ್ಕೆ ಪೇಂಟರ್ ಬರುತ್ತಾನೆ. ದಯವಿಟ್ಟು ಬೇಗ ಹೇಳಿ.

ಹೊಳಲ್ಕೆರೆಯಿಂದ

‘ಜಾಮ್’ ಅಂತ ಬರೆಯಿರಿ. ಎಲ್ಲರಿಗೂ ತಿಳಿಯುತ್ತದೆ. ಇಷ್ಟಕ್ಕೆ ಚರ್ಚೆ ಯಾಕೆ?

ಬೆಂಗಳೂರಿನಿಂದ

‘ಜಾಮ್’ ಅಂದರೆ ಒಂದು ಇಂಗ್ಲಿಷ್ ಪದ ತೆಗೆದು ಇನ್ನೊಂದನ್ನು ಕೂರಿಸಿದ ಹಾಗಾಯಿತು. ಎಂಜಿನ್‌ಗೆ ‘ಬಿಣಿಗೆ’ ಇದೆ, ಪಿಸ್ಟನ್‌ಗೆ ‘ಆಡುಬೆಣೆ’ ಇದೆ. ಟೂ ಸ್ಟ್ರೋಕ್‌ಗೆ ‘ಇಬ್ಬಡಿತದ’ ಅನ್ನಬಹುದು. ‘ಆಡುಬೆಣೆ ಸಿಕ್ಕಿಬಿದ್ದ ಇಬ್ಬಡಿತದ ಬಿಣಿಗೆ’. ಪೂರ್ತಿ ಕನ್ನಡ, ಅರ್ಥವೂ ಸ್ಪಷ್ಟ. ಒಮ್ಮೆ ಬರೆದು ನಿಲ್ಲಿಸಿದರೆ ಜನ ಕಲಿಯುತ್ತಾರೆ.

ಚಿತ್ರದುರ್ಗದಿಂದ

ಎಲ್ಲರೂ ಕಣ್ಣೆದುರಿಗಿರುವುದನ್ನು ಬಿಟ್ಟು ಹುಡುಕುತ್ತಿದ್ದೀರಿ. ನಮ್ಮಲ್ಲಿ ‘ಸೀ’ ಅನ್ನುವ ಧಾತು ಇದೆ. ಅನ್ನ ಸೀದು ಹೋಯಿತು, ಹಾಲು ಸೀದ ವಾಸನೆ. ಬಿಸಿ ಅತಿಯಾಗಿ ಕೆಟ್ಟು, ತಳಕ್ಕೆ ಕಚ್ಚುವುದೇ ಸೀಯುವುದು. ಟೂ ಸ್ಟ್ರೋಕ್ ಎಂಜಿನ್ನಿನಲ್ಲೂ ಆಗುವುದು ಅದೇ: ಆಯಿಲ್ ಸಾಲದೆ ಬಿಸಿಯೇರಿ ಪಿಸ್ಟನ್ ಸೀಯುತ್ತದೆ. ‘ಸೀಜ್’ ಮತ್ತು ‘ಸೀ’ ಒಂದೇ ಬೇರಿನವು ಅಂತ ನಾನು ಬಹಳ ದಿನದಿಂದ ಹೇಳುತ್ತಾ ಬಂದಿದ್ದೇನೆ. ‘ಪಿಸ್ಟನ್ ಸೀದಿದೆ’ ಅಂತ ಬರೆಸಿ.

ದಾವಣಗೆರೆ, ಪಿ.ಬಿ. ರಸ್ತೆಯಿಂದ

ಇಂಗ್ಲಿಷಿನ ‘ಸೀಜ್’ ಹಳೇ ಫ್ರೆಂಚಿನಿಂದ ಬಂದದ್ದು. ಕನ್ನಡದ ‘ಸೀ’ಗೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಸದ್ದು ಹೊಂದುತ್ತದೆ, ಅಷ್ಟೇ.

ನನ್ನದು ಎಂಜಿನ್ ಬೋರಿಂಗ್ ಕೆಲಸ. ಹಳೇ ಬ್ಯಾರೆಲ್‌ಗಳು (ಪಿಸ್ಟನ್ ಒಳಗೆ ಆಡುವ ಕೊಳವೆಗಳು) ನನ್ನ ಲೇತ್ ಮೇಲೆ ಬರುತ್ತವೆ. ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದ ಬೇಕು ಅಂತ ಹೊರಟದ್ದೇ ತೊಡಕು. ಇಂಗ್ಲಿಷಿನವರು ಮೂರು ಬೇರೆ ಬೇರೆ ಕಾಯಿಲೆಗೆ ಒಂದೇ ಹೆಸರು ಇಟ್ಟುಕೊಂಡಿದ್ದಾರೆ. ನಮ್ಮ ಕಡೆಯ ಮೆಕ್ಯಾನಿಕ್‌ಗಳು ಹಾಗೆ ಮಾಡುವುದಿಲ್ಲ. ಓಡುತ್ತಾ ಓಡುತ್ತಾ ಎಂಜಿನ್ ಗಕ್ಕನೆ ನಿಂತರೆ ‘ಪಿಸ್ಟನ್ ಕಚ್ಕಂಡೈತೆ’ ಅನ್ನುತ್ತಾರೆ. ವರ್ಷಗಟ್ಟಲೆ ಹಿತ್ತಲಲ್ಲಿ ನಿಂತು ಕಿಕ್ ಇಳಿಯದಿದ್ದರೆ ‘ಹಿಡ್ಕಂಡೈತೆ’. ಕಾರ್ಬನ್ ಕಟ್ಟಿ ಪಿಸ್ಟನ್ ಸುತ್ತಲಿನ ರಿಂಗ್ ತನ್ನ ಗ್ರೂವಿನಲ್ಲೇ ಕೂತುಬಿಟ್ಟರೆ ‘ರಿಂಗ್ ಅಂಟ್ಕಂಡೈತೆ’.

ಕಚ್ಚಿದ ಬ್ಯಾರೆಲ್ಲನ್ನು ಬೆಳಕಿಗೆ ಹಿಡಿದು ನೋಡಿ. ಎಕ್ಸಾಸ್ಟ್ ಪೋರ್ಟಿನ (ಹೊಗೆ ಹೊರಹೋಗುವ ಕಿಂಡಿಯ) ಕಡೆ ಉದ್ದಕ್ಕೆ ಬೆಳ್ಳಗೆ ಅಲ್ಯುಮಿನಿಯಂ ಬಳಿದುಕೊಂಡಿರುತ್ತದೆ. ಉಗುರು ಆಡಿಸಿದರೆ ತಡೆಯುತ್ತದೆ. ಪಿಸ್ಟನ್ನಿನ ಅದೇ ಮಗ್ಗುಲಿಗೆ ಮೇಲಿಂದ ಕೆಳಗೆ ಗೀರು. ಬ್ಯಾರೆಲ್ ಬೀಡು ಕಬ್ಬಿಣದ್ದು, ಪಿಸ್ಟನ್ ಅಲ್ಯುಮಿನಿಯಂದು. ಬೀಡು ಕಬ್ಬಿಣಕ್ಕಿಂತ ಅಲ್ಯುಮಿನಿಯಂ ಬಿಸಿಗೆ ಸುಮಾರು ಎರಡರಷ್ಟು ಹಿಗ್ಗುತ್ತದೆ. ಇವೆರಡರ ನಡುವೆ ಇರುವ ಸಂದು ಕೂದಲೆಳೆಯಷ್ಟು. ಬಿಸಿ ಏರಿ ಆ ಸಂದು ಮುಚ್ಚಿತು ಅಂದರೆ ಪಿಸ್ಟನ್ ಗೋಡೆಯನ್ನು ನಿಜವಾಗಿಯೂ ಕಚ್ಚುತ್ತದೆ. ಹಿಂದಿನ ಚಕ್ರ ಲಾಕ್ ಆಗುತ್ತದೆ. ಸವಾರ ಆ ಕ್ಷಣವೇ ಕ್ಲಚ್ ಎಳೆಯದಿದ್ದರೆ ಬೀಳುತ್ತಾನೆ.

ಚಿತ್ರದುರ್ಗದಿಂದ ಇಲ್ಲಿಗೆ ಏಪ್ರಿಲ್ ಬಿಸಿಲಲ್ಲಿ ಹೈವೇ ಮೇಲೆ ಪೂರ್ತಿ ಆಕ್ಸಿಲರೇಟರ್ ತಿರುವಿಕೊಂಡೇ ಬಂದರೆ ಹಳೇ ಗಾಡಿ ಕಚ್ಚುವುದು ಗೊತ್ತಿರುವುದೇ. ಬಹಳ ಜನಕ್ಕೆ ತಿಳಿಯದ್ದು ಇಳಿಜಾರಿನ ವಿಷಯ. ಈ ಎಂಜಿನ್ನಿಗೆ ಆಯಿಲ್ ಸಿಗುವುದು ಪೆಟ್ರೋಲ್ ಜೊತೆಯಲ್ಲೇ. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಲೇ ಇರುತ್ತದೆ, ಆಯಿಲ್ ಮಾತ್ರ ಬರುವುದಿಲ್ಲ. ಅದಕ್ಕೇ ಹಳಬರು ಇಳಿಯುವಾಗ ಆಗಾಗ ಸ್ವಲ್ಪ ಸ್ವಲ್ಪ ಎಳೆದು ಬಿಡುತ್ತಾರೆ.

ಹಿಡಿದುಕೊಂಡ ಎಂಜಿನ್ನಿನ ಕಥೆ ಬೇರೆ. ಅಲ್ಲಿ ಬಿಸಿಯ ಮಾತೇ ಇಲ್ಲ. ತೇವಕ್ಕೆ ರಿಂಗು, ಬ್ಯಾರೆಲ್ ಎರಡಕ್ಕೂ ತುಕ್ಕು ಹಿಡಿದು ಒಂದಾಗಿರುತ್ತವೆ. ತುಕ್ಕು ಹಿಡಿ, ಬೂಸ್ಟು ಹಿಡಿ, ಗೆದ್ದಲು ಹಿಡಿ. ನಿಂತಲ್ಲೇ ಮೆಲ್ಲಗೆ ಆವರಿಸುವುದಕ್ಕೆಲ್ಲ ಕನ್ನಡ ಆಗಲೇ ‘ಹಿಡಿ’ ಅನ್ನುತ್ತದೆ. ಇಂಥ ಗಾಡಿಗೆ ಮೈ ಭಾರ ಹಾಕಿ ಕಿಕ್ ಹೊಡೆದರೆ ಕಿಕ್ ಶಾಫ್ಟ್ ಹೋಗುತ್ತದೆ. ಇಲ್ಲವೇ ರಿಂಗ್ ಮುರಿದು ಚೂರು ಪೋರ್ಟಿಗೆ ಸಿಗುತ್ತದೆ. ಟೂ ಸ್ಟ್ರೋಕ್ ಬ್ಯಾರೆಲ್ ಗೋಡೆಯಲ್ಲಿ ಕಿಂಡಿಗಳಿರುವುದರಿಂದ ಅಪಾಯ ಜಾಸ್ತಿ. ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ ಬಿಟ್ಟು, ಸುಮ್ನೆ ಕೆಲವು ದಿನ ನೆನೆಯಲು ಬಿಡಬೇಕು. ಆಮೇಲೆ ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಬೇಕು.

ಕಾಯಿಲೆ ಬೇರೆ, ಮದ್ದು ಬೇರೆ. ನಿಮ್ಮ ಬೋರ್ಡಿನಲ್ಲಿ ‘ಜಾಮ್’ ಒಂದನ್ನೇ ಬರೆದರೆ ಓದಿದವನಿಗೆ ಯಾವ ಮದ್ದು ಅಂತ ತಿಳಿಯುವುದಿಲ್ಲ. ‘ಸೀದಿದೆ’ ಅಂದರೂ ಅಷ್ಟೇ. ಹಿತ್ತಲಲ್ಲಿ ನಿಂತ ಗಾಡಿ ಯಾವ ಬಿಸಿಗೆ ಸೀದೀತು?

ಚಿತ್ರದುರ್ಗದಿಂದ

ಹಾಗಾದರೆ ‘ಅನ್ನ ತಳ ಹಿಡಿಯಿತು’ ಅನ್ನುವುದು ಏನು? ಅದು ಬಿಸಿಗೇ ಅಲ್ವಾ? ‘ಸೊಂಟ ಹಿಡ್ಕೊಂಡಿತು’ ಅನ್ನುವುದು ಮೆಲ್ಲಗೆ ಆಗುವುದಾ? ಬಗ್ಗಿ ಏಳುವಷ್ಟರಲ್ಲಿ ಆಗುತ್ತದೆ. ‘ಹಿಡಿ’ ಮೆಲ್ಲಗೆ, ‘ಕಚ್ಚು’ ಗಕ್ಕನೆ ಅನ್ನುವ ನಿಮ್ಮ ನಿಯಮ ಇಲ್ಲೇ ಬಿತ್ತು. ‘ಸೀ’ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.

ದಾವಣಗೆರೆ, ಪಿ.ಬಿ. ರಸ್ತೆಯಿಂದ

ಅಡುಗೆಮನೆಯ ಬಳಕೆ, ಸೊಂಟದ ಬಳಕೆ ನೀವು ಹೇಳಿದಂತೆಯೇ ಇವೆ. ಆದರೆ ಗ್ಯಾರೇಜಿನಲ್ಲಿ ಆ ಪದ ಏನು ಹೇಳುತ್ತದೆ ಅನ್ನುವುದನ್ನು ಗ್ಯಾರೇಜಿನಲ್ಲೇ ಕೇಳಬೇಕು. ಕಸುಬಿನವರು ಸಾಮಾನ್ಯ ಪದವನ್ನೇ ತೆಗೆದುಕೊಂಡು ತಮಗೆ ಬೇಕಾದಷ್ಟಕ್ಕೆ ಬಿಗಿ ಮಾಡಿಕೊಳ್ಳುತ್ತಾರೆ. ‘ಪಾಯಿಂಟ್ (ಇಗ್ನಿಷನ್ನಿನ ಕಾಂಟ್ಯಾಕ್ಟ್) ಸುಟ್ಟಿದೆ’ ಅಂದರೆ ಅಲ್ಲಿ ಬೆಂಕಿ ಹತ್ತಿದೆ ಅಂತಲ್ಲ. ‘ಪ್ಲಗ್ ನೆಂದಿದೆ’ ಅಂದರೆ ಮಳೆಗೆ ನೆಂದಿದ್ದಲ್ಲ, ಪೆಟ್ರೋಲ್ ಆಯಿಲ್ ಕೂತು ಕಿಡಿ ಬರುತ್ತಿಲ್ಲ ಅಂತ. ‘ಕಚ್ಚು’, ‘ಹಿಡಿ’ ಕೂಡ ಹಾಗೆಯೇ. ನೀವು ಪದಕೋಶದಿಂದ ಗ್ಯಾರೇಜಿಗೆ ಬರುತ್ತಿದ್ದೀರಿ. ದಾರಿ ಇರುವುದು ಆ ಕಡೆಯಿಂದ ಈ ಕಡೆಗೆ.

ಬೆಂಗಳೂರಿನಿಂದ

‘ಕಚ್ಚು’, ‘ಹಿಡಿ’ ಕನ್ನಡ ಪದಗಳು, ಸಂತೋಷ. ಆದರೆ ಮೇಲಿನ ಉತ್ತರದಲ್ಲೇ ಬ್ಯಾರೆಲ್, ಪೋರ್ಟ್, ಗ್ರೂವ್, ಶಾಫ್ಟ್ ಎಲ್ಲ ಇವೆ. ಎರವಲನ್ನು ಹೀಗೆ ತಡೆಯಿಲ್ಲದೆ ಬಿಟ್ಟುಕೊಂಡರೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ‘ಬ್ಯಾರೆಲ್ಲನ್ನು’, ‘ಪೋರ್ಟಿಗೆ’. ಇದಕ್ಕೆ ಕನ್ನಡ ಅನ್ನಬೇಕಾ? ನಾವು ಬಳಸದೆ ಹೊಸ ಪದ ಹೇಗೆ ನಿಲ್ಲುತ್ತದೆ?

ದಾವಣಗೆರೆ, ಪಿ.ಬಿ. ರಸ್ತೆಯಿಂದ

ಅನ್ನಬೇಕು. ‘ಮೇಸ್ತ್ರಿ’, ‘ಚಾವಿ’ ಪೋರ್ಚುಗೀಸಿನಿಂದ ಬಂದವು. ‘ಕಾರ್ಖಾನೆ’ ಪಾರ್ಸಿಯದು. ‘ಜಪ್ತಿ’ ಅರಬ್ಬಿ ಮೂಲದ್ದು. ಇವನ್ನು ಬಿಟ್ಟು ಕನ್ನಡದಲ್ಲಿ ನಾಲ್ಕು ಮಾತಾಡಿ ನೋಡೋಣ. ಸಾಮಾನಿನ ಜೊತೆ ಸಾಮಾನಿನ ಹೆಸರು ಬರುತ್ತದೆ. ಪಿಸ್ಟನ್ ಹೊರಗಿನಿಂದ ಬಂತು, ಹೆಸರು ತಂದುಕೊಂಡಿತು. ಅದು ಕೆಟ್ಟದ್ದು ನಮ್ಮ ಊರಿನಲ್ಲಿ, ರಿಪೇರಿ ಮಾಡಿದ್ದು ನಮ್ಮ ಜನ. ಆದ್ದರಿಂದ ಕೆಡುವುದಕ್ಕೆ ಇರುವ ಮಾತೆಲ್ಲ ಕನ್ನಡದ್ದು: ಕಚ್ಚು, ಹಿಡಿ, ಅಂಟು, ಸವೆ, ಸೋರು, ಉಸಿರು ಕಟ್ಟು. ಸೈಲೆನ್ಸರಿನಲ್ಲಿ ಕಾರ್ಬನ್ ತುಂಬಿ ಗಾಡಿ ಎಳೆಯದಿದ್ದರೆ ‘ಉಸಿರು ಕಟ್ಟೈತೆ’ ಅನ್ನುತ್ತಾರೆ. ಇದನ್ನು ಯಾವ ಸಮಿತಿಯೂ ಕೂತು ಮಾಡಲಿಲ್ಲ. ನೀವು ಹೆಸರುಪದಗಳ ಹಿಂದೆ ಬಿದ್ದು, ಕೈಯಲ್ಲಿರುವ ಕ್ರಿಯಾಪದಗಳನ್ನು ನೋಡುತ್ತಿಲ್ಲ. ನನ್ನ ತಕರಾರು ಇಷ್ಟೇ.

‘ಆಡುಬೆಣೆ’ ಒಳ್ಳೆಯ ಪದ. ಪಾಠದ ಪುಸ್ತಕದಲ್ಲಿ ಬರೆಯಿರಿ, ಬೇಡ ಅನ್ನುವುದಿಲ್ಲ. ಅಪ್ಪನ ಯೆಜ್ಡಿ ಉಳಿಸಿಕೊಳ್ಳಲು ಬಂದವನ ಮುಂದೆ ಬೇಡ.

ಹೊಳಲ್ಕೆರೆಯಿಂದ

‘ಆಯಿಲ್ ಜಾಸ್ತಿ ಹಾಕಿ, ಪಿಸ್ಟನ್ ಕಚ್ಚುವುದಿಲ್ಲ’ ಅಂತ ಒಂದು ಸಾಲು ಸೇರಿಸಿದರೆ ಜನಕ್ಕೆ ಉಪಯೋಗ.

ದಾವಣಗೆರೆ, ಪಿ.ಬಿ. ರಸ್ತೆಯಿಂದ

ಖಂಡಿತ ಬೇಡ. ಆಯಿಲ್ ಜಾಸ್ತಿ ಆದಷ್ಟೂ ಕಾರ್ಬ್ಯುರೇಟರಿನ ಅದೇ ಜೆಟ್ಟಿನಲ್ಲಿ (ಸಣ್ಣ ತೂತಿನಲ್ಲಿ) ಹೋಗುವ ಪೆಟ್ರೋಲ್ ಕಮ್ಮಿ ಆಗುತ್ತದೆ. ಗಾಳಿ ಅಷ್ಟೇ ಇರುತ್ತದೆ. ಮಿಶ್ರಣ ತೆಳುವಾಗಿ ಎಂಜಿನ್ ಇನ್ನೂ ಬಿಸಿ ಆಗುತ್ತದೆ. ಮೇಲಿಂದ ಪ್ಲಗ್ ಕೊಳೆ, ಸೈಲೆನ್ಸರ್ ಕಾರ್ಬನ್. ಹಳೇ ಜಾವಾಗೆ ಲೀಟರಿಗೆ 40ರಿಂದ 50 ಎಂಎಲ್ ಟೂಟಿ (ಟೂ ಸ್ಟ್ರೋಕ್) ಆಯಿಲ್, ಚೆನ್ನಾಗಿ ಕಲಸಿ ಹಾಕಿದರೆ ಸಾಕು.

ಬಹಳ ಕಾಲ ನಿಂತಿದ್ದ ಗಾಡಿ ಕಚ್ಚುವುದಕ್ಕೆ ಇನ್ನೊಂದು ಕಾರಣ ಕ್ರ್ಯಾಂಕಿನ ಆಯಿಲ್ ಸೀಲ್. ಅದರ ರಬ್ಬರ್ ಗಟ್ಟಿಯಾಗಿ ಗಾಳಿ ಎಳೆಯುತ್ತದೆ, ಮಿಶ್ರಣ ತೆಳುವಾಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇದ್ದರೆ ಮೊದಲು ಆ ಕಡೆ ನೋಡಬೇಕು. ಜಾವಾದಲ್ಲಿ ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಹೋಗಿ ಬಿಳೀ ಹೊಗೆ ಬರುತ್ತದೆ. ಸೀಲ್ ಹಾಕಿಸದೆ ಬ್ಯಾರೆಲ್ ಮಾತ್ರ ಬೋರ್ ಮಾಡಿಸಿಕೊಂಡು ಹೋದವರು ಕಚ್ಚಿದ ಗಾಡಿ ಹಿಡಿದುಕೊಂಡು ಮತ್ತೆ ಬರುತ್ತಾರೆ. ಬೋರ್ 0.25 ಮಿ.ಮೀ. ದೊಡ್ಡದಾಯಿತು, ಕಾಯಿಲೆ ಹಾಗೇ ಉಳಿಯಿತು. ಬೋರ್ಡಿನಲ್ಲಿ ಜಾಗ ಇದ್ದರೆ ಇದನ್ನು ಬರೆಸಿ.

ದಾವಣಗೆರೆಯಿಂದ (ಕೇಳಿದವರು)

ಎಲ್ಲರಿಗೂ ಧನ್ಯವಾದ. ಸೀಲಿನ ವಿಷಯ ಬೇರೆ ಚಿಕ್ಕ ಬೋರ್ಡಿಗೆ ಹಾಕುತ್ತೇವೆ. ದೊಡ್ಡದಕ್ಕೆ ಹೀಗೆ ಬರೆದುಕೊಡುತ್ತಿದ್ದೇನೆ:

‘ನಿಂತೂ ನಿಂತೂ ಪಿಸ್ಟನ್ ಹಿಡಿದುಕೊಂಡಿದ್ದರೆ ಕಿಕ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ, ಡೀಸೆಲ್ ಬಿಟ್ಟು, ನೆನೆಯಲು ಬಿಡಿ. ಓಡುವಾಗ ಪಿಸ್ಟನ್ ಕಚ್ಚಿದರೆ ತಕ್ಷಣ ಕ್ಲಚ್ ಹಿಡಿಯಿರಿ. ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಿಕ್ ಮುಟ್ಟಬೇಡಿ.’

ಚಿತ್ರದುರ್ಗದಿಂದ

ಒಂದು ತಿದ್ದುಪಡಿ. ಮೊದಲ ಸಾಲಿನಲ್ಲಿ ‘ಹಿಡಿ’ ರೋಗದ ಹೆಸರು, ಮುಂದಿನ ಸಾಲಿನಲ್ಲಿ ‘ಕ್ಲಚ್ ಹಿಡಿಯಿರಿ’ ಚಿಕಿತ್ಸೆ. ದೂರದಿಂದ ಓದುವವನು ಎಡವುತ್ತಾನೆ. ‘ಕ್ಲಚ್ ಒತ್ತಿ’ ಅಂತ ಮಾಡಿ.

ದಾವಣಗೆರೆ, ಪಿ.ಬಿ. ರಸ್ತೆಯಿಂದ

ಇದು ಸರಿಯಾದ ಮಾತು. ‘ಒತ್ತಿ’ ಮಾಡಿ. ಜೊತೆಗೆ ‘ತಣ್ಣಗಾದ ಮೇಲೂ ಹಾಗೇ ಓಡಿಸಬೇಡಿ, ಬ್ಯಾರೆಲ್ ಬಿಚ್ಚಿಸಿ ನೋಡಿ’ ಅಂತ ಸೇರಿಸಿ. ತಣ್ಣಗಾದ ಮೇಲೆ ಎಂಜಿನ್ ಸ್ಟಾರ್ಟ್ ಆಗುತ್ತದೆ, ಜನ ಸರಿಹೋಯಿತು ಅಂದುಕೊಂಡು ಹೊರಡುತ್ತಾರೆ. ಗೀರು ಒಳಗೇ ಇರುತ್ತದೆ.

ದಾವಣಗೆರೆಯಿಂದ (ಕೇಳಿದವರು)

ಎರಡೂ ಸೇರಿಸಿದೆ. ಪೇಂಟರ್‌ಗೆ ಈಗಲೇ ಕಳಿಸುತ್ತಿದ್ದೇನೆ.