ಇಸ್ತ್ರಿಪೆಟ್ಟಿಗೆ ಹಾಕಿದೊಡನೆ ಆರ್‌ಸಿಸಿಬಿ ಟ್ರಿಪ್ ಆಗುತ್ತಿದೆ: ದೋಷ ಎಲ್ಲಿರಬಹುದು?

ಮುಲುಂಡ್ ನಿವಾಸಿ:

ಮಾನ್ಯರೇ, ಮುಂಬಯಿಯ ಮುಲುಂಡಿನ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ನಮ್ಮ ಮನೆಯಿದೆ. ಮೊದಲಿದ್ದ ಎರಡು ಪಿನ್ನಿನ ಸಾಕೆಟ್‌ಗಳನ್ನು ಹತ್ತು ವರ್ಷಗಳ ಹಿಂದೆ ತೆಗೆಸಿ ಮೂರು ಪಿನ್ನಿನವನ್ನು ಹಾಕಿಸಿದೆವು. ಆಗ ವಾಷಿಂಗ್ ಮಷೀನಿನ ಮೈ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಎಲೆಕ್ಟ್ರಿಷಿಯನ್ ಒಬ್ಬರು ಬಂದು, ಆ ಸಾಕೆಟ್ಟನ್ನೂ ಗೀಸರಿನ ಸಾಕೆಟ್ಟನ್ನೂ ಬಿಚ್ಚಿ, ಅರ್ಧ ಗಂಟೆಯಲ್ಲಿ ಅರ್ಥಿಂಗ್ ಕೊಟ್ಟಿದ್ದೇನೆಂದು ಹೇಳಿ ಹೋದರು. ಜುಮ್ಮೆನ್ನುವುದು ನಿಂತಿತು.

ಈಗ ಮನೆಯಲ್ಲಿ ಅಂಬೆಗಾಲಿಡುವ ಮೊಮ್ಮಗನಿದ್ದಾನೆ. ಅವನಿಗಾಗಿ ಹಾಲ್ ಮತ್ತು ಮಲಗುವ ಕೋಣೆಗಳಲ್ಲಿ ಒಳಗೆ ಮುಚ್ಚಳವಿರುವ ಸಾಕೆಟ್‌ಗಳನ್ನೂ ಮೇನ್ ಬೋರ್ಡಿನಲ್ಲಿ, ಕರೆಂಟು ಸೋರಿದರೆ ತಾನೇ ಲೈನನ್ನು ಕಡಿಯುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ ಬೇರೊಬ್ಬರಿಂದ ಹಾಕಿಸಿದೆ. ಅಂದಿನಿಂದ ಇಸ್ತ್ರಿಪೆಟ್ಟಿಗೆ ಹಾಕಿದ ಕ್ಷಣವೇ ಮನೆಯೆಲ್ಲ ಕತ್ತಲಾಗುತ್ತದೆ. ಫ್ಯಾನು, ದೀಪಗಳಿಗೆ ಏನೂ ಆಗುವುದಿಲ್ಲ. ಹೊಸ ಇಸ್ತ್ರಿಪೆಟ್ಟಿಗೆ ತಂದು ನೋಡಿದೆ, ಅದೇ ಕಥೆ. 30 ತೀರ ಸೂಕ್ಷ್ಮವಾಯಿತು, 100 ಮಿಲಿಆಂಪಿಯರಿನದನ್ನು ಹಾಕೋಣವೆಂದು ಹಾಕಿದವರು ಹೇಳುತ್ತಾರೆ. ಅಮೆರಿಕದಲ್ಲಿರುವ ಮಗಳು, ಅಲ್ಲಿ ಸ್ನಾನದ ಮನೆಯ ಸಾಕೆಟ್ಟಿನಲ್ಲೇ ರಕ್ಷಣೆಯ ಗುಂಡಿ ಇರುತ್ತದೆ, ಅದನ್ನೇ ಕಳಿಸಲೇ ಎಂದು ಕೇಳುತ್ತಾಳೆ. ಯಾವುದು ಸರಿ?

ಕೊತ್ರೂಡ್ ವೈರಿಂಗ್:

ದಯವಿಟ್ಟು 100ಕ್ಕೆ ಹೋಗಬೇಡಿ. 100 ಅಥವಾ 300 ಮಿಲಿಆಂಪಿಯರಿನವು ಮುಖ್ಯವಾಗಿ ಕರೆಂಟಿನ ಸೋರಿಕೆಯಿಂದ ಬೆಂಕಿ ಹತ್ತದಂತೆ ಕಾಯಲು ಇರುವಂಥವು. ಮನುಷ್ಯನ ಮೈಯಲ್ಲಿ ಕರೆಂಟು ಹರಿದಾಗ ಜೀವ ಉಳಿಸಬೇಕಾದರೆ 30 ಬೇಕು. ಅಮೆರಿಕದ ಸಾಕೆಟ್ಟೂ ಬೇಡ. 1961ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್‌ಜಿಯೆಲ್ ಅವರ ಕೆಲಸದಿಂದ ಹೊಮ್ಮಿದ ಆ ಉಪಾಯ ಬಹಳ ಒಳ್ಳೆಯದೇ, ಆದರೆ ಆ ಸಾಕೆಟ್ ಅಲ್ಲಿನ 120 ವೋಲ್ಟಿಗೂ ಚಪ್ಪಟೆ ಪಿನ್ನಿಗೂ ತಯಾರಾದದ್ದು. ನಮ್ಮ 230 ವೋಲ್ಟಿನಲ್ಲಿ ಅದೇ ಕೆಲಸವನ್ನು ಬೋರ್ಡಿನಲ್ಲಿ ಕುಳಿತ ಆರ್‌ಸಿಸಿಬಿ ಮಾಡುತ್ತದೆ.

ಇನ್ನು ನಿಮ್ಮ ತೊಂದರೆಗೆ ಬರೋಣ. ಎರಡು ವಿಷಯ ನೋಡಿ ತಿಳಿಸಿ. ಗೀಸರಿನ ಎಂಸಿಬಿಯನ್ನು (ಬೋರ್ಡಿನಲ್ಲಿ ಆ ಲೈನಿಗಿರುವ ಸ್ವಯಂಚಾಲಿತ ಸ್ವಿಚ್ಚನ್ನು) ಕೆಳಗಿಳಿಸಿದಾಗಲೂ ಇಸ್ತ್ರಿಗೆ ಟ್ರಿಪ್ ಆಗುತ್ತದೆಯೇ? ಗೀಸರಿನ ಪ್ಲಗ್ಗನ್ನೇ ಕಿತ್ತಿಟ್ಟರೆ ಏನಾಗುತ್ತದೆ?

ಮುಲುಂಡ್ ನಿವಾಸಿ:

ಆಶ್ಚರ್ಯವಾಯಿತು. ಎಂಸಿಬಿ ಕೆಳಗಿಳಿಸಿದರೂ ಟ್ರಿಪ್ ಆಗುತ್ತದೆ. ಪ್ಲಗ್ ಕಿತ್ತರೆ ಇಸ್ತ್ರಿ ನಿರಾತಂಕವಾಗಿ ನಡೆಯುತ್ತದೆ. ಗೀಸರಿಗೆ ಕರೆಂಟೇ ಹೋಗದಿರುವಾಗ ಇದು ಹೇಗೆ ಸಾಧ್ಯ?

ಕೊತ್ರೂಡ್ ವೈರಿಂಗ್:

ನಾನು ಶಂಕಿಸಿದ್ದು ಇದನ್ನೇ. ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಒಂಟಿ ಪೋಲಿನ ಎಂಸಿಬಿ ಫೇಸನ್ನು, ಅಂದರೆ ಕರೆಂಟು ಬರುವ ವೈರನ್ನು, ಮಾತ್ರ ಕಡಿಯುತ್ತದೆ. ಕರೆಂಟು ಹಿಂದಿರುಗುವ ವೈರಾದ ನ್ಯೂಟ್ರಲ್ ಗೀಸರಿನವರೆಗೂ ಜೋಡಣೆಯಲ್ಲೇ ಉಳಿಯುತ್ತದೆ. ಹತ್ತು ವರ್ಷಗಳ ಹಿಂದೆ ಕೊಟ್ಟ 'ಅರ್ಥಿಂಗ್' ಬಹುಶಃ ಸಾಕೆಟ್ಟಿನ ಒಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಹಾಕಿದ ಒಂದು ತುಂಡು ವೈರು. ಹಾಗಿದ್ದರೆ ಗೀಸರಿನ ಮೈಯೇ ನ್ಯೂಟ್ರಲ್ ಆಗಿದೆ, ಆ ಮೈಗೆ ಕಬ್ಬಿಣದ ನೀರಿನ ಪೈಪು ಸೇರಿದೆ, ಪೈಪು ಕಟ್ಟಡದ ಮೂಲಕ ನೆಲಕ್ಕೆ ಸೇರಿದೆ. ಆರ್‌ಸಿಸಿಬಿ ನೋಡುವುದು ಒಂದೇ ಲೆಕ್ಕ: ಫೇಸಿನಲ್ಲಿ ಹೋದದ್ದಷ್ಟೂ ನ್ಯೂಟ್ರಲಿನಲ್ಲಿ ಹಿಂದಿರುಗಿತೇ? 1000 ವಾಟ್ ಇಸ್ತ್ರಿಪೆಟ್ಟಿಗೆ ಸುಮಾರು 4.3 ಆಂಪಿಯರ್ ಎಳೆಯುತ್ತದೆ. ಹಿಂದಿರುಗುವಾಗ ಅದರ ನೂರನೆಯ ಒಂದು ಪಾಲು ಪೈಪಿನ ದಾರಿ ಹಿಡಿದರೂ 43 ಮಿಲಿಆಂಪಿಯರ್ ಕಾಣೆಯಾಗುತ್ತದೆ, ಆರ್‌ಸಿಸಿಬಿ ಬೀಳುತ್ತದೆ. 75 ವಾಟ್ ಫ್ಯಾನಿನ ಅದೇ ಪಾಲು ಬರೀ 3 ಮಿಲಿಆಂಪಿಯರ್, ಆದ್ದರಿಂದ ಏನೂ ಆಗುವುದಿಲ್ಲ.

ಈ ತುಂಡು ವೈರು ಟ್ರಿಪ್ಪಿನ ಕಿರಿಕಿರಿಗಿಂತ ಬಹಳ ಹೆಚ್ಚಿನ ಅಪಾಯದ್ದು ಎಂಬುದನ್ನು ಒತ್ತಿ ಹೇಳುತ್ತೇನೆ. ಸಾಕೆಟ್ಟಿನ ಹಿಂದೆ ಎಲ್ಲಾದರೂ ನ್ಯೂಟ್ರಲ್ ಕಡಿದುಹೋದರೆ, ಸ್ವಿಚ್ ಹಾಕಿದೊಡನೆ ಯಂತ್ರದ ಮೈಗೆಲ್ಲ 230 ವೋಲ್ಟ್ ಬರುತ್ತದೆ. ವಾಷಿಂಗ್ ಮಷೀನ್ ಜುಮ್ಮೆನ್ನುತ್ತಿದ್ದುದು ಅದರೊಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಬರುವ ಅಲ್ಪ ಕರೆಂಟಿಗೆ ಅರ್ಥಿನ ದಾರಿಯಿಲ್ಲದ್ದರಿಂದ. ಅರ್ಥ್ ಇಲ್ಲವೆಂದು ಯಂತ್ರ ತಾನೇ ಹೇಳುತ್ತಿತ್ತು. ಆ ಮಾತನ್ನು ಮುಚ್ಚಿಹಾಕಿದರು.

ಖಚಿತಪಡಿಸಿಕೊಳ್ಳಲು ಪರವಾನಗಿ ಇರುವ ವೈರ್‌ಮನ್ನರನ್ನೇ ಕರೆಸಿ. ಅವರು ಆರ್‌ಸಿಸಿಬಿಯನ್ನು ಇಳಿಸಿ, ಏಕೆಂದರೆ ಅದು ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುತ್ತದೆ, ಕರೆಂಟು ಇಲ್ಲವೆಂದು ಪರೀಕ್ಷಿಸಿಕೊಂಡು, ಖಾಲಿ ಸಾಕೆಟ್ಟಿನ ನ್ಯೂಟ್ರಲಿಗೂ ಅರ್ಥಿಗೂ ನಡುವಿನ ಓಮ್ ಅಳೆಯಲಿ. ಅಲ್ಲಿ ಜೋಡಣೆಯೇ ಇರಬಾರದು.

ವಾಸ್ಕೋ ಕನ್ನಡಿಗ:

ನಡುವೆ ಬಂದದ್ದಕ್ಕೆ ಕ್ಷಮೆಯಿರಲಿ. ಗೋವೆಯ ಮಳೆಗಾಲದಲ್ಲಿ ಹೊರಗೋಡೆಯ ಬೋರ್ಡು ಒದ್ದೆಯಾಗಿ ನಮ್ಮ ಮನೆಯಲ್ಲೂ ಹೀಗೆಯೇ ಆಗಿತ್ತು. ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿದರೆ ಬೀಳುತ್ತಿತ್ತು, ಹಾಗಾಗಿ ಅರ್ಥಿಂಗ್ ಸರಿಯಿದೆಯೆಂದು ನಾವು ನಂಬಿದ್ದೆವು. ಅದು ಸರಿಯೇ?

ಕೊತ್ರೂಡ್ ವೈರಿಂಗ್:

ಸರಿಯಲ್ಲ. ಆ ಗುಂಡಿ ತನ್ನೊಳಗೇ ಕರೆಂಟಿನ ವ್ಯತ್ಯಾಸ ಹುಟ್ಟಿಸಿ ಯಂತ್ರ ಬೀಳುತ್ತದೆಯೇ ಎಂದಷ್ಟೇ ನೋಡುತ್ತದೆ. ಮನೆಯಲ್ಲಿ ಅರ್ಥ್ ಇಲ್ಲದಿದ್ದರೂ ಅದು ಕೆಲಸ ಮಾಡುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡುವುದು ಒಳ್ಳೆಯ ಅಭ್ಯಾಸ, ಆದರೆ ಅರ್ಥಿನ ಪರೀಕ್ಷೆ ಬೇರೆಯೇ. ಒದ್ದೆ ಗೋಡೆಯ ಸಂಶಯವಿದ್ದರೆ ವೈರಿನ ಹೊದಿಕೆಯಿಂದ ಕರೆಂಟು ಸೋರುತ್ತದೆಯೇ ಎಂದು ಅಳೆಯುವ 500 ವೋಲ್ಟಿನ ಮೆಗ್ಗರ್ ಹಚ್ಚಿಸಿ. 1 ಮೆಗಾಓಮಿಗಿಂತ ಕಡಿಮೆ ಬಂದರೆ ಆ ಲೈನನ್ನು ಬಿಚ್ಚಿ ನೋಡಲೇಬೇಕು.

ಮುಲುಂಡ್ ನಿವಾಸಿ:

ಹದಿನೈದು ದಿನಗಳ ನಂತರ ಬರೆಯುತ್ತಿದ್ದೇನೆ. ಗೀಸರಿನ ಸಾಕೆಟ್ಟಿನಲ್ಲಿ 0.4 ಓಮ್ ಬಂತು, ಅಂದರೆ ಇರಬಾರದ ಜೋಡಣೆ ಅಲ್ಲಿತ್ತು. ಬಿಚ್ಚಿದಾಗ ಎರಡು ಅಂಗುಲದ ಕಪ್ಪು ವೈರು ನ್ಯೂಟ್ರಲಿನಿಂದ ಅರ್ಥ್ ಪಿನ್ನಿಗೆ ಸೇರಿತ್ತು. ವಾಷಿಂಗ್ ಮಷೀನಿನಲ್ಲೂ ಅಂಥದ್ದೇ. ಹತ್ತು ವರ್ಷ ಮಕ್ಕಳು ಮರಿಗಳೊಂದಿಗೆ ಆ ಗೀಸರಿನ ನೀರಿನಲ್ಲಿ ಸ್ನಾನ ಮಾಡಿದ್ದನ್ನು ನೆನೆದು ನನ್ನ ಹೆಂಡತಿ ಕಣ್ಣೀರಿಟ್ಟಳು. ಎರಡನ್ನೂ ತೆಗೆಸಿದೆವು. ಸೊಸೈಟಿಯ ಒಪ್ಪಿಗೆ ಪಡೆದು, ಮೀಟರ್ ಕೋಣೆಯ ಅರ್ಥ್ ಪಟ್ಟಿ ಸರಿಯಿದೆಯೆಂದು ಅಳತೆ ಮಾಡಿಸಿ, ಅಲ್ಲಿಂದ ನಮ್ಮ ಬೋರ್ಡಿನವರೆಗೆ ಹಸಿರು ವೈರನ್ನು ಎಳೆಸಿ, ಪ್ರತಿ ಸಾಕೆಟ್ಟಿಗೂ ಮುಟ್ಟಿಸಿದೆವು. ಇಸ್ತ್ರಿ ಈಗ ನಡೆಯುತ್ತದೆ.

ಆದರೆ ಇನ್ನೊಂದು ಆಯಿತು. ಮೂರನೆಯ ದಿನ ಗೀಸರ್ ಹಾಕಿದ ಐದು ನಿಮಿಷಕ್ಕೆ ಆರ್‌ಸಿಸಿಬಿ ಬಿತ್ತು. ಇದು ನಮ್ಮ ಹೊಸ ಅರ್ಥಿಂಗಿನ ದೋಷವೇ?

ಕೊತ್ರೂಡ್ ವೈರಿಂಗ್:

ಅಲ್ಲ, ಗೀಸರಿನ ಕಾಯಿಲಿನಿಂದ ಕರೆಂಟು ಸೋರುತ್ತಿರಬೇಕು. ಬಿಸಿಯಾದಾಗ ಸೋರಿಕೆ ಹೆಚ್ಚುವುದು ಅದರ ಲಕ್ಷಣ. ಈವರೆಗೆ ಆ ಸೋರಿಕೆ ಹೆಚ್ಚಾಗಿ ಆ ತುಂಡು ವೈರಿನಿಂದ ನ್ಯೂಟ್ರಲಿಗೇ ಮರಳುತ್ತಿದ್ದುದರಿಂದ ಆರ್‌ಸಿಸಿಬಿಗೆ ಪೂರ್ತಿ ಲೆಕ್ಕ ಸಿಗುತ್ತಿರಲಿಲ್ಲ. ಮೆಗ್ಗರ್ ಹಚ್ಚಿಸಿ, ಕಾಯಿಲ್ ಬದಲಿಸಿ, ಅಲ್ಲಿಯವರೆಗೆ ಪ್ಲಗ್ ಹಾಕಬೇಡಿ. ಮೊಮ್ಮಗನ ವಿಷಯದಲ್ಲಿ ಮತ್ತೊಂದು ಮಾತು: ಒಂದು ಕೈ ಫೇಸಿಗೂ ಇನ್ನೊಂದು ನ್ಯೂಟ್ರಲಿಗೂ ತಾಗಿದರೆ ಹೋದದ್ದೆಲ್ಲ ಹಿಂದಿರುಗುತ್ತದೆ, ಆರ್‌ಸಿಸಿಬಿಗೆ ತಿಳಿಯುವುದೇ ಇಲ್ಲ. ಅಲ್ಲಿ ಕಾಯುವುದು ಸಾಕೆಟ್ಟಿನ ಒಳಮುಚ್ಚಳ ಮಾತ್ರ; ಅಡುಗೆಮನೆಯಲ್ಲಿ ಹಳೆಯ ಸಾಕೆಟ್ ಉಳಿದಿದ್ದರೆ ಅದನ್ನೂ ಬದಲಿಸಿ.

ಮುಲುಂಡ್ ನಿವಾಸಿ:

ತಾವು ಹೇಳಿದಂತೆಯೇ ಇತ್ತು: ಕಾಯಿಲಿನ ಮೈ ಬಿರುಕು ಬಿಟ್ಟಿತ್ತು. ಬದಲಿಸಿ ಒಂದು ವಾರವಾಯಿತು, ಒಮ್ಮೆಯೂ ಟ್ರಿಪ್ ಆಗಿಲ್ಲ. ಅಡುಗೆಮನೆಯ ಎರಡು ಸಾಕೆಟ್‌ಗಳ ಕೆಲಸ ನಾಳೆ ಬೆಳಿಗ್ಗೆ.